ಹನ್ನೆರಡರ ಗಂಟೆಗೆ ನಾಲಗೆ ಕಟ್ಟಿದ್ದು

ಆರ್ಡಿಸ್ ಹಾಲ್ವರ್ಸನ್‌ಗೆ ಕಂಡರಾಗದ ವಸ್ತು ಅಂತ ಈ ಭೂಮಿಯ ಮೇಲೆ ಒಂದಿದ್ದರೆ ಅದು ಕೈಮೈಕು. ಕೊಳವೆಯಂಥ ಬಾಯಿ ತೆರೆದು ಕುಯ್ಯೋ ಅನ್ನುವ ಆ ಪ್ಲಾಸ್ಟಿಕ್ ಪಿಶಾಚಿಯನ್ನು ಕಂಡುಹಿಡಿದವನ ಬಾಯಿಗಿಷ್ಟು ಮಣ್ಣು ಹಾಕ ಅಂತ ಅವಳು ಚರ್ಚಿನಲ್ಲಿ, ಅದೂ ಪಾದ್ರಿಯ ಎದುರಿಗೇ, ಕಾಫಿ ಕುಡಿಯುತ್ತ ಹೇಳಿದ್ದಳು. ಪಾದ್ರಿ ನಕ್ಕು ಸುಮ್ಮನಾದ. ಆರ್ಡಿಸ್‌ಳ ಬಾಯಿಗೆ ಬೀಳುವ ಧೈರ್ಯ ಆ ಊರಲ್ಲಿ ಯಾರಿಗೂ ಇರಲಿಲ್ಲ.

ಕೆಲ್ಬಿ ಲ್ಯಾಂಡಿಂಗ್ ಮಿಸಿಸಿಪಿ ದಂಡೆಯ ಊರು. ಊರಿಗಿಂತ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯವೇ ದೊಡ್ಡದು. ಅದರ ನಟ್ಟನಡುವೆ ಹುಲ್ಲುಹಾಸು, ಹುಲ್ಲುಹಾಸಿನ ನಡುವೆ ಗಂಟೆಗೋಪುರ, ಗೋಪುರದ ನೆತ್ತಿಯಲ್ಲಿ ಸಾಲಾಗಿ ತೂಗಿದ ಕಂಚಿನ ಗಂಟೆಗಳು. ಒಂದೊಂದರ ನಾಲಗೆಗೂ ಒಂದೊಂದು ತಂತಿ, ತಂತಿಯ ಕೆಳತುದಿಗೆ ಮರದ ಹಿಡಿ. ಹಿಡಿಗಳನ್ನು ಮುಷ್ಟಿ ಕಟ್ಟಿ ಗುದ್ದಬೇಕು, ದಪ್ಪ ಗಂಟೆಗಳನ್ನು ಕಾಲಲ್ಲಿ ತುಳಿಯಬೇಕು. ದಿನಾ ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡೂಕಾಲರ ತನಕ ಹಾಗೆ ಗುದ್ದಿ ಗುದ್ದಿ ಆರ್ಡಿಸ್‌ಳ ಕಿರುಬೆರಳಿನ ಅಂಚು ಜಡ್ಡುಗಟ್ಟಿ ಎಮ್ಮೆ ಚರ್ಮವಾಗಿತ್ತು. ವಾದ್ಯದ ಮುಂದೆ ಕೂರುವ ಗೂಡಿಗೆ ಸುತ್ತ ದಪ್ಪ ಗಾಜು. ಒಳಗೆ ಕೂತವಳಿಗೆ ಕೆಳಗಿನ ಜಗತ್ತು ಕಾಣುತ್ತಿತ್ತೇ ಹೊರತು ಒಂದು ಪಿಸುಮಾತೂ ಕೇಳುತ್ತಿರಲಿಲ್ಲ. ಅದೇ ಅವಳಿಗೆ ಇಷ್ಟ.

ಹಾಗಾಗಿ ವಸಂತದ ಹೊತ್ತಿಗೆ ವಿಶ್ವವಿದ್ಯಾಲಯ ಹೊಸ ನಿಯಮ ತಂದಾಗ ಅವಳಿಗೆ ಸಂತೋಷವೇ ಆಯಿತು. ಇನ್ನು ಮೇಲೆ ಎಲ್ಲೆಂದರಲ್ಲಿ ಮೈಕು ಹಿಡಿದು ಕೂಗುವ ಹಾಗಿಲ್ಲ. ಪ್ರತಿಭಟನೆ ಮಾಡುವವರು ಗೋಪುರದ ಬುಡದ ಕಾಂಕ್ರೀಟು ಕಟ್ಟೆಯ ಮೇಲೆ ನಿಲ್ಲಬೇಕು, ಮೈಕಿಗೆ ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡೂಕಾಲು ಮಾತ್ರ. ಮುಂಚೆ ಒಂದು ಗಂಟೆ ಹೊತ್ತು ಇತ್ತು, ಹುಲ್ಲುಹಾಸಿನ ಯಾವ ಮೂಲೆಯಾದರೂ ನಡೆಯುತ್ತಿತ್ತು. "ಅಂತೂ ಯಾರಿಗೋ ಬುದ್ಧಿ ಬಂತು," ಅಂದುಕೊಂಡಳು ಆರ್ಡಿಸ್. ಹನ್ನೆರಡರಿಂದ ಹನ್ನೆರಡೂಕಾಲು ಅಂದರೆ ತನ್ನದೇ ಹೊತ್ತು ಅನ್ನೋದು ಅವಳ ತಲೆಗೆ ಹೊಳೆಯಲೇ ಇಲ್ಲ. ಗೂಡಿನೊಳಗೆ ಕೂತವರಿಗೆ ಹೊಳೆಯೋದು ಹೇಗೆ?

ಹೊಳೆಸಿದ್ದು ಒಬ್ಬ ಹುಡುಗಿ. ಒಂದು ದಿನ ನುಡಿಸಿ ಮುಗಿಸಿ ಗೋಪುರದ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಕೂತಿದ್ದಳು. ಗುಂಡು ಮುಖ, ಕುಳ್ಳು, ಕಣ್ಣು ಕೆಂಪಾಗಿದ್ದವು. ಮಡಿಲಲ್ಲಿ ಬೆಳ್ಳಿಕಾಗದ ಸುತ್ತಿದ ಪೊಟ್ಟಣ.

"ಗಂಟೆ ಬಾರಿಸೋರು ನೀವೇನಾ ಮೇಡಂ?"

"ಬಾರಿಸೋದಲ್ಲ, ನುಡಿಸೋದು. ಏನಾಗಬೇಕು?"

"ನಾನು ಗಾವ್‌ನೂ ಲೋರ್. ಎರಡನೇ ವರ್ಷ ಓದ್ತಿದೀನಿ. ಇದು ಎಗ್ ರೋಲು, ನಮ್ಮಜ್ಜಿ ಮಾಡಿದ್ದು. ಬಿಸಿ ಇದೆ."

"ಲಂಚಾನಾ?"

"ಹೂಂ," ಅಂದಳು ಹುಡುಗಿ ಒಂದಿಷ್ಟೂ ನಾಚದೆ. "ನಾಳೆ ಏನು ನುಡಿಸ್ತೀರಿ ಅಂತ ಮೊದಲೇ ಹೇಳ್ತೀರಾ? ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ನಡುವೆ ಒಂಚೂರು ಸಂದು ಸಿಗತ್ತಲ್ಲ, ಆ ಸಂದಿಗೆ ಸರಿಯಾಗಿ ನಮ್ಮ ಮಾತು ಕತ್ತರಿಸಿಕೊಳ್ತೀವಿ. ಈಗ ಎಲ್ಲಿ ಸಂದು ಬರತ್ತೆ ಅಂತಾನೇ ಗೊತ್ತಾಗ್ತಿಲ್ಲ. ನಿನ್ನೆ ನಾನು ಬಾಯಿ ತೆರೆಯೋ ಹೊತ್ತಿಗೆ ಧಡಾರ್ ಅಂತ ನಿಮ್ಮ ದಪ್ಪ ಗಂಟೆ ಬಿತ್ತು."

ಆರ್ಡಿಸ್‌ಗೆ ಮೈಯೆಲ್ಲ ಉರಿಯಿತು. "ನೋಡೇ ಹುಡುಗಿ, ನನ್ನ ಗಂಟೆ ಯಾರ ಬಾಯಿಗೂ ಅಡ್ಡ ಬಂದಿಲ್ಲ. ಈ ಊರು ನಿನ್ನಜ್ಜಿಯ ಕಾಲದಿಂದ ಅದನ್ನ ಕೇಳ್ತಾ ಇದೆ."

"ನಮ್ಮಜ್ಜಿ ಕಾಲದಲ್ಲಿ ನಮ್ಮಜ್ಜಿ ಲಾವೋಸಿನ ಗುಡ್ಡದಲ್ಲಿದ್ದಳು ಮೇಡಂ," ಅಂದಳು ಗಾವ್‌ನೂ. ಪೊಟ್ಟಣವನ್ನು ಮೆಟ್ಟಿಲ ಮೇಲೇ ಇಟ್ಟು ಹೋದಳು.

ಸಿಟ್ಟಿದ್ದರೂ ಎಗ್ ರೋಲು ಬಿಡಲಾದೀತೇ? ತಿಂದಳು. ಹಾಳಾದ್ದು ಚೆನ್ನಾಗಿಯೂ ಇತ್ತು. ತಿಂದ ಮೇಲೆ ಮನಸ್ಸಿಗೆ ಮುಳ್ಳು ಚುಚ್ಚತೊಡಗಿತು. ಉಪ್ಪು ತಿಂದವಳು ನೀರು ಕುಡಿಯಲೇಬೇಕಲ್ಲ.

ಮಾರನೇ ದಿನ ಅವಳು ಎಂದೂ ಮಾಡದ ಕೆಲಸ ಮಾಡಿದಳು. ಗೋಪುರದಲ್ಲಿ ಒಂದು ಯಂತ್ರವಿತ್ತು. ಅವಳಿಗೆ ಜ್ವರ ಬಂದ ದಿನ ಗಂಟೆಗಳನ್ನು ತಾನೇ ನುಡಿಸಲಿ ಅಂತ ಕೂರಿಸಿದ್ದು. ಅದರ ಗುಂಡಿ ಒತ್ತಿ ಕೆಳಗಿಳಿದು ಕಟ್ಟೆಯ ಪಕ್ಕದಲ್ಲಿ ನಿಂತಳು. ಹನ್ನೆರಡು ಹೊಡೆಯಿತು. ಇಪ್ಪತ್ತು ಮೂವತ್ತು ಹುಡುಗರು ಫಲಕ ಹಿಡಿದು ನಿಂತಿದ್ದರು. ಸುತ್ತ ಹಳದಿ ಕೋಟು ತೊಟ್ಟ ವಿಶ್ವವಿದ್ಯಾಲಯದ ಕಾವಲಿನವರು, ಕೈಯಲ್ಲಿ ಗಡಿಯಾರ. ಗಾವ್‌ನೂ ಮೈಕು ಎತ್ತಿದಳು. ಬಾಯಿ ಅಲ್ಲಾಡಿತು. ಕತ್ತಿನ ನರ ಉಬ್ಬಿತು. ತೋಳಿನಳತೆಯಲ್ಲಿ ನಿಂತ ಆರ್ಡಿಸ್‌ಗೆ ಒಂದಕ್ಷರ ಕೇಳಲಿಲ್ಲ. ಮೇಲಿನಿಂದ ಗಂಟೆಗಳು ಧೋ ಅಂತ ಸುರಿಯುತ್ತಿದ್ದವು. ಕಟ್ಟೆ ನಡುಗುತ್ತಿತ್ತು. ಹುಡುಗಿ ಅಳುತ್ತ ಕೂಗುತ್ತಿದ್ದಳು, ಕೂಗುತ್ತ ಅಳುತ್ತಿದ್ದಳು, ಮತ್ತು ಜಗತ್ತಿನ ಅತಿ ಸುಂದರವಾದ ಭಜನೆಯೊಂದು ಅವಳ ಬಾಯಿಯನ್ನು ಹೊಲಿಯುತ್ತಿತ್ತು. ಗಂಟೆ ನಿಂತ ಮರುಕ್ಷಣ ಹಳದಿ ಕೋಟಿನವನು ಬಂದು ಮೈಕಿಗೆ ಕೈಯೊಡ್ಡಿದ. "ಹೊತ್ತಾಯ್ತು ಕಂದಾ."

"ಅಯ್ಯೋ ದೇವರೇ," ಅಂದಳು ಆರ್ಡಿಸ್. ಇಷ್ಟು ದಿನ ಇದನ್ನು ಮಾಡಿದ್ದು ತನ್ನ ಕೈ.

ಗಾವ್‌ನೂಳನ್ನು ತೋಳು ಹಿಡಿದು ಬೆಂಚಿಗೆ ಎಳೆತಂದು ಕೂರಿಸಿದಳು. "ಈಗ ಹೇಳು. ಏನು ಹೇಳೋಕೆ ಹೊರಟಿದ್ದೆ?"

ಹುಡುಗಿ ಹೇಳಿದಳು. ಅವಳಪ್ಪ ನೆಂಗ್‌ಚೂ ಲೋರ್. ಕಟ್ಟಡಗಳನ್ನು ಬೆಚ್ಚಗಿಡುವ ಹಬೆ ಕೊಳವೆಗಳು ವಿಶ್ವವಿದ್ಯಾಲಯದ ನೆಲದಡಿಯ ಸುರಂಗದಲ್ಲಿ ಹೋಗುತ್ತವಲ್ಲ, ಅವುಗಳ ರಿಪೇರಿಯವನು. ಮೊದಲು ವಿಶ್ವವಿದ್ಯಾಲಯದ ಸಂಬಳದಲ್ಲೇ ಇದ್ದ. ಆಮೇಲೆ ಕೆಲಸವನ್ನು ಗುತ್ತಿಗೆಗೆ ಕೊಟ್ಟರು. ಅದೇ ಸುರಂಗ, ಅದೇ ಕೊಳವೆ, ಅಂಗಿಯ ಮೇಲಿನ ಹೆಸರು ಮಾತ್ರ ಬದಲಾಯಿತು. ಚಳಿಗಾಲದಲ್ಲಿ ಗ್ರಂಥಾಲಯದ ಕೆಳಗೆ ಒಂದು ಕೊಳವೆ ಸಿಡಿದು ಸುಟ್ಟು ಸತ್ತ. 'ಅವರು ನಮ್ಮ ನೌಕರರಲ್ಲ' ಅಂತ ವಿಶ್ವವಿದ್ಯಾಲಯ ಒಂದು ಸಾಲು ಬರೆದು ಕೈ ತೊಳೆದುಕೊಂಡಿತು.

"ಆ ಕೊಳವೆ ಕೊಳೆತಿದೆ, ಬದಲಾಯಿಸಿ ಅಂತ ಅಪ್ಪ ಎಷ್ಟು ಸಲ ಹೇಳಿದ್ದ. ಯಾಕೆ ಬದಲಾಯಿಸಲಿಲ್ಲ? ಇದೊಂದೇ ನಾನು ಕೇಳಬೇಕಾಗಿರೋದು. ಅಪ್ಪನ ಹೆಸರು ಹೇಳಿ, ಇದೊಂದು ಮಾತು, ಎಲ್ಲರ ಎದುರು, ಎಲ್ಲರಿಗೂ ಕೇಳೋ ಹಾಗೆ. ನಾಳೆ ತರಗತಿಗಳಿಗೆ ಕಡೇ ದಿನ. ನಾಳೆ ಮಧ್ಯಾಹ್ನ ಆಡಳಿತ ಮಂಡಳಿಯವರೂ ಅಧ್ಯಕ್ಷರೂ ಇದೇ ದಾರೀಲಿ ಊಟಕ್ಕೆ ಹೋಗ್ತಾರೆ. ನಾಡಿದ್ದು ಇಲ್ಲಿ ಯಾರಿರ್ತಾರೆ, ಹದ್ದು ಅಳಿಲು ಬಿಟ್ಟರೆ? ಬೇಸಿಗೆ ಕಳೆದು ಬರೋ ಹೊತ್ತಿಗೆ ಎಲ್ಲರೂ ಮರೆತಿರ್ತಾರೆ."

ಆರ್ಡಿಸ್ ಎದ್ದಳು. "ಇಲ್ಲೇ ಇರು. ಡೀನನ್ನ ನೋಡ್ಕೊಂಡು ಬರ್ತೀನಿ."

ಡೀನ್ ಲೈಲ್ ಬೊರ್ಗನ್ ಕೆಟ್ಟವನೇನಲ್ಲ. ಹೋದವರಿಗೆಲ್ಲ ಕುರ್ಚಿ ಎಳೆದು ಕೊಡುವವನು. ಇದೇ ಊರಲ್ಲಿ ಹುಟ್ಟಿ, ಇದೇ ಹುಲ್ಲುಹಾಸಿನ ಮೇಲೆ ಉರುಳಾಡಿ, ಇಲ್ಲೇ ಓದಿದವನು. ಆದರೆ ಅವನ ಮಾತು ಯಾವಾಗಲೂ ಅಡ್ಡಗೋಡೆಯ ಮೇಲಿನ ದೀಪ. ಯಾವ ಕಡೆಗೆ ಬೆಳಕು ಅಂತ ಹೇಳಲಾಗದು.

"ಬಾ ಆರ್ಡಿಸ್, ಕಾಫಿ?"

"ಕಾಫಿ ಹಾಳಾಗ್ಲಿ. ಆ ಹುಡುಗರ ಮಾತನ್ನ ನನ್ನ ಗಂಟೆ ನುಂಗ್ತಾ ಇದೆ ಲೈಲ್."

"ಛೆ ಛೆ. ಅವರು ಏನು ಮಾತಾಡ್ತಾರೆ ಅಂತ ನಾವು ನೋಡೋದೇ ಇಲ್ಲ. ನೋಡೋ ಹಾಗೂ ಇಲ್ಲ. ಸರ್ಕಾರಿ ಸಂಸ್ಥೆ ನಾವು, ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಹೊತ್ತು, ಜಾಗ, ರೀತಿ, ಇಷ್ಟು ಮಾತ್ರ ನಮ್ಮ ಕೈಲಿರೋದು. ಎಲ್ಲರಿಗೂ ಒಂದೇ ನಿಯಮ."

"ಹೊತ್ತು ನನ್ನ ಗಂಟೆಯ ಹೊತ್ತು. ಜಾಗ ನನ್ನ ಗಂಟೆಯ ಬುಡ. ರೀತಿ ಯಾರಿಗೂ ಕೇಳಿಸದ ರೀತಿ. ಹಾವೂ ಸತ್ತಿತು, ಕೋಲೂ ಮುರೀಲಿಲ್ಲ. ಭಲೆ!"

ಲೈಲ್ ನಕ್ಕ. "ಮೈಕಿನ ಗಲಾಟೆ ಜಾಸ್ತಿಯಾಯ್ತು, ಏನಾದರೂ ಮಾಡು ಅಂತ ನೀನೇ ನನ್ನ ಜೀವ ತಿಂತಿದ್ದೆಯಲ್ಲ?"

"ತಿಂದೆ. ಈಗ ಬೇರೆ ತಿನ್ನೋಕೆ ಬಂದಿದೀನಿ. ನಾಳೆ ಒಂದು ದಿನ ನನ್ನ ನುಡಿಸೋದನ್ನ ಹನ್ನೆರಡೂಕಾಲಿಗೆ ಹಾಕು."

"ಸಂಪ್ರದಾಯ ಆರ್ಡಿಸ್! ಹನ್ನೆರಡರ ಗಂಟೆಯನ್ನ ಹೇಗೆ ಸರಿಸೋದು?"

"ಹಾಗಾದರೆ ನಾಳೆ ನಾನು ನುಡಿಸಲ್ಲ."

"ಯಂತ್ರ ನುಡಿಸತ್ತೆ." ಲೈಲ್ ಮುಂದಕ್ಕೆ ಬಾಗಿ ಮೆತ್ತಗೆ ಹೇಳಿದ. "ನೋಡು, ಗಂಟೆ ಅಂದರೆ ಅದೂ ಒಂದು ಮಾತೇ. ವಿಶ್ವವಿದ್ಯಾಲಯದ ಮಾತು. ನಮ್ಮ ವಕೀಲರೇ ಹೇಳಿದ್ದಾರೆ. ನೀನು ಮೇಲೆ ಹೋಗಿ ಹಿಡಿ ಮುಂದೆ ಕೂತಾಗ ನಿನ್ನ ಕೈ ನಿನ್ನದಲ್ಲ, ವಿಶ್ವವಿದ್ಯಾಲಯದ್ದು. ಕೆಳಗಿಳಿದು ನಿನ್ನ ಬಿಡುವಿನ ಹೊತ್ತಲ್ಲಿ ನೀನು ಏನು ಬೇಕಾದರೂ ಹೇಳ್ಕೋ, ಯಾರು ಬೇಡ ಅಂತಾರೆ? ಆಗ ನೀನು ಪ್ರಜೆ."

ಆರ್ಡಿಸ್ ತನ್ನ ಜಡ್ಡುಗಟ್ಟಿದ ಕೈಯನ್ನು ಒಮ್ಮೆ ನೋಡಿಕೊಂಡಳು. "ಸರಿ. ಒಂದು ಕೇಳ್ತೀನಿ. ಆ ಲೋರ್ ಸತ್ತಾಗ ಸಾವಿನ ಗಂಟೆ ಹೊಡಿ ಅಂತ ಯಾಕೆ ನನಗೆ ಹೇಳಲಿಲ್ಲ?"

"ಅದು ನಮ್ಮವರು ಸತ್ತರೆ ಮಾತ್ರ."

"ಯಾರು ನಮ್ಮವರು ಅಂತ ಯಾವ ನಿಯಮದಲ್ಲಿದೆ?"

"ನಿಯಮ ಅಂತ ಇಲ್ಲ. ಅದು..." ಲೈಲ್ ಕೈ ತಿರುಗಿಸಿದ. "ಪದ್ಧತಿ."

"ಪದ್ಧತಿ," ಅಂದಳು ಆರ್ಡಿಸ್. ಎದ್ದು ಬಂದಳು.

ಆ ಪದ್ಧತಿ ಕೆಲ್ಬಿ ಲ್ಯಾಂಡಿಂಗ್‌ನ ಹಾಲು ಕುಡಿಯುವ ಮಗುವಿಗೂ ಗೊತ್ತು. ವಿಶ್ವವಿದ್ಯಾಲಯದವರು ಯಾರಾದರೂ ಸತ್ತರೆ ದಪ್ಪ ಗಂಟೆಯೊಂದನ್ನೇ, ಸತ್ತವರ ವಯಸ್ಸು ಎಷ್ಟೋ ಅಷ್ಟು ಸಲ ಹೊಡೆಯುತ್ತಾರೆ. ಮೊದಲ ಪೆಟ್ಟು ಕೇಳಿದ ಕೂಡಲೇ ಇದ್ದಲ್ಲೇ ನಿಲ್ಲಬೇಕು, ಟೋಪಿ ತೆಗೆಯಬೇಕು, ಎಣಿಸಬೇಕು. ಕಡೇ ಪೆಟ್ಟಿನ ತನಕ ಒಂದು ಹೆಜ್ಜೆ ಇಡುವ ಹಾಗಿಲ್ಲ. ಆಮೇಲೆ ಗಂಟೆಗಾರ ಎಲ್ಲ ಗಂಟೆಗಳ ನಾಲಗೆಗೂ ತೊಗಲಿನ ಪಟ್ಟಿ ಕಟ್ಟುತ್ತಾನೆ. ಸೂರ್ಯ ಮುಳುಗುವ ತನಕ ಗೋಪುರ ತುಟಿ ಬಿಚ್ಚುವುದಿಲ್ಲ. ಯಾರಿಗೆ ಹೊಡೆಯಬೇಕು ಅಂತ ಈಚೆಗೆ ಅಧ್ಯಕ್ಷರ ಕಚೇರಿಯಿಂದ ಹೇಳಿಕಳಿಸುತ್ತಿದ್ದರು, ನಿಜ. ಆದರೆ ಆರ್ಡಿಸ್‌ಗೆ ವಿದ್ಯೆ ಕಲಿಸಿದ ಮುದುಕ ಓರಿನ್ ಸ್ಟಾಮ್‌ನ ಕಾಲದಲ್ಲಿ ಮನೆಯವರು ಬಂದು ಗೋಪುರದ ಬಾಗಿಲು ತಟ್ಟುತ್ತಿದ್ದರು, ಅಷ್ಟೇ. ಗೇಟಿನಲ್ಲಿ ಜೋಳದರಳು ಮಾರುತ್ತಿದ್ದ ಗಸ್ ಸತ್ತಾಗ ಓರಿನ್ ಯಾರನ್ನೂ ಕೇಳದೆ ಹೊಡೆದಿದ್ದ. 'ಈ ಮಣ್ಣಿನ ಮೇಲೆ ಬೆವರು ಸುರಿಸಿದವನು ಈ ಮಣ್ಣಿನವನು ಕಣೇ' ಅಂದಿದ್ದ. ಅಂದಿನ ಅಧ್ಯಕ್ಷರು ಟೋಪಿ ತೆಗೆದು ನಿಂತಿದ್ದರು.

ಪ್ರತಿಯೊಂದಕ್ಕೂ ನಿಯಮ ಬರೆದವರು ಇದೊಂದಕ್ಕೆ ಬರೆಯೋದು ಮರೆತಿದ್ದರು. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂತ ಆರ್ಡಿಸ್ ಹೆಜ್ಜೆ ಹೆಜ್ಜೆಗೂ ಗಟ್ಟಿಯಾಗುತ್ತ ಬೆಂಚಿಗೆ ಬಂದಳು.

"ನಿಮ್ಮಪ್ಪನಿಗೆ ವಯಸ್ಸೆಷ್ಟು?"

ಗಾವ್‌ನೂ ತಬ್ಬಿಬ್ಬಾದಳು. "ಯಾವ ವಯಸ್ಸು?"

"ಯಾವ ವಯಸ್ಸು ಅಂದರೆ? ಮನುಷ್ಯನಿಗೆ ಎಷ್ಟಿರತ್ತೆ ವಯಸ್ಸು?"

"ನಮ್ಮೋರಿಗೆ ಎರಡಿರತ್ತೆ ಮೇಡಂ," ಅಂದಳು ಹುಡುಗಿ, ಅಷ್ಟು ದುಃಖದಲ್ಲೂ ಒಂಚೂರು ನಕ್ಕಳು. "ಕಾಗದದಲ್ಲಿ ಐವತ್ತು. ನಿರಾಶ್ರಿತರ ಶಿಬಿರದ ಗುಮಾಸ್ತ ಬಾಯಿಗೆ ಬಂದ ವರ್ಷ ಬರೆದ, ಎಲ್ಲರಿಗೂ ಜನವರಿ ಒಂದು ಅಂತ ಹಾಕಿದ. ನಮ್ಮ ಮನೇಲಿ ಅರ್ಧ ಜನ ಜನವರಿ ಒಂದಕ್ಕೇ ಹುಟ್ಟಿದ್ದು! ಆದರೆ ಅಪ್ಪ ಹುಟ್ಟಿದ್ದು ಅದಕ್ಕೆ ಎರಡು ಬೆಳೆ ಮುಂಚೆ, ಗುಡ್ಡದಲ್ಲಿ. ಯುದ್ಧಕ್ಕೆ ಹೆದರಿ ಅಜ್ಜಿ ಅವನನ್ನ ಬೆನ್ನಿಗೆ ಕಟ್ಟಿಕೊಂಡು ಅಲ್ಲಿನ ಗಡಿ ನದಿ ದಾಟಿದಾಗ ಆಗಲೇ ಅವಳ ಜಡೆ ಎಳೀತಿದ್ದನಂತೆ. ಅಜ್ಜಿ ಲೆಕ್ಕದಲ್ಲಿ ಐವತ್ತೆರಡು. ಆಸ್ಪತ್ರೆಯವರೂ ಕಂಪನಿಯವರೂ ಐವತ್ತು ಅಂತ ಬರೆದಾಗೆಲ್ಲ ಅಜ್ಜಿ ಎದೆ ಬಡ್ಕೊಳ್ತಾಳೆ. ನನ್ನ ಮಗನ ಎರಡು ವರ್ಷ ಕದ್ದರು ಅಂತಾಳೆ."

ಆರ್ಡಿಸ್ ಅವಳ ಪಕ್ಕ ಕೂತಳು. "ಹೆತ್ತವಳಿಗಿಂತ ಗುಮಾಸ್ತನಿಗೆ ಚೆನ್ನಾಗಿ ಗೊತ್ತಿರತ್ತಾ? ನಾಳೆ ಅಜ್ಜಿಯನ್ನ ಕರ್ಕೊಂಡು ಬಾ. ಹನ್ನೆರಡಕ್ಕೆ ಮುಂಚೆಯೇ ಬಾ."

"ಏನು ಮಾಡ್ತೀರಿ?"

"ನಿಮ್ಮಲ್ಲಿ ಸಾವಿನ ಮನೇಲಿ ಏನು ಮಾಡ್ತೀರಿ?"

"ಕೆಂಗ್ ಊದ್ತೀವಿ. ಬಿದಿರಿನ ವಾದ್ಯ. ಅದು ಊದೋದು ಹಾಡಲ್ಲ ಮೇಡಂ, ಮಾತು. ಸತ್ತವರಿಗೆ ಅವರ ಹುಟ್ಟಿದೂರಿನ ದಾರಿ ಹೇಳತ್ತೆ. ಅದು ಮಾತಾಡುವಾಗ ಬೇರೆ ಯಾರೂ ಅಡ್ಡ ಬಾಯಿ ಹಾಕಬಾರದು."

"ಹಾಗಾದರೆ ನಿನಗೆ ವಿವರಿಸಿ ಹೇಳೋದು ಏನೂ ಇಲ್ಲ," ಅಂದಳು ಆರ್ಡಿಸ್.

ಮಾರನೇ ದಿನ ಬಿಸಿಲು ಚೆನ್ನಾಗಿತ್ತು. ತರಗತಿ ಮುಗಿದ ಖುಷಿಗೆ ಹುಡುಗರು ಹುಲ್ಲಿನ ಮೇಲೆ ಚೆಂಡು ಎಸೆಯುತ್ತಿದ್ದರು, ಗ್ರಂಥಾಲಯದ ಮೆಟ್ಟಿಲ ಮೇಲೆ ಆಡಳಿತ ಮಂಡಳಿಯವರ ಸೂಟುಗಳು ಸೇರುತ್ತಿದ್ದವು. ಆರ್ಡಿಸ್ ತೊಗಲಿನ ಪಟ್ಟಿಗಳ ಗಂಟು ಹೊತ್ತು ಮೇಲೆ ಹತ್ತಿದಳು. ಮೊದಲು ಸಣ್ಣ ಗಂಟೆಗಳ ನಾಲಗೆಗಳನ್ನೆಲ್ಲ ಬಿಗಿದು ಕಟ್ಟಿದಳು. ಹನ್ನೆರಡಕ್ಕೆ ತಾನಾಗಿ ಶುರುವಾಗಲಿ ಅಂತ ಲೈಲ್ ಸಜ್ಜು ಮಾಡಿಸಿದ್ದ ಯಂತ್ರ ಎಷ್ಟು ಬೇಕಾದರೂ ಎಳೆದಾಡಿಕೊಳ್ಳಲಿ. ಗೂಡಿಗೆ ಬಂದಳು. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಸಂಸಾರವಿರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದವರಿಗೆ 'ಇಷ್ಟು ಗಂಟೆ ಕಟ್ಟಿಕೊಂಡಿದೀನಿ ಸಾಲದಾ' ಅನ್ನುತ್ತಿದ್ದವಳು. ನಾಳೆ ಈ ಬಾಗಿಲು ತನಗೆ ತೆರೆಯಲಿಕ್ಕಿಲ್ಲ ಅಂತ ಗೊತ್ತಿದ್ದೇ, ಜೀವಮಾನದಲ್ಲಿ ಮೊದಲ ಸಲ ಗೂಡಿನ ಗಾಜಿನ ಕಿಟಕಿಯನ್ನು ಪೂರ್ತಿ ತೆರೆದಳು. ಆಮೇಲೆ ದಪ್ಪ ಗಂಟೆಯ ಮೆಟ್ಟನ್ನು ಕಾಲಿನಿಂದ ತುಳಿದಳು.

ಢಾಂ.

ಹುಲ್ಲಿನ ಮೇಲೆ ಹಾರುತ್ತಿದ್ದ ಚೆಂಡು ಕೆಳಗೆ ಬಿತ್ತು. ಹಿಡಿಯಬೇಕಾದವನು ಕೈ ಕೆಳಗಿಳಿಸಿ ನಿಂತುಬಿಟ್ಟಿದ್ದ.

ಎರಡು. ಮೂರು. ಟೋಪಿಗಳು ಇಳಿದವು. ಸೈಕಲ್ಲಿನವರು ಕಾಲು ನೆಲಕ್ಕೂರಿದರು. ಬೀದಿಯಾಚೆ ಕಾಫಿ ಅಂಗಡಿಯವಳು ಬಾಗಿಲಿಗೆ ಬಂದು ಏಪ್ರನ್ನಿಗೆ ಕೈ ಒರೆಸಿಕೊಂಡು ನಿಂತಳು. ಮೆಟ್ಟಿಲ ಮೇಲೆ ಅಧ್ಯಕ್ಷರು ಮಾತು ನಿಲ್ಲಿಸಿ ತಲೆಯ ಟೋಪಿ ತೆಗೆದು ಎದೆಗೆ ಹಿಡಿದರು. ಅವರನ್ನು ನೋಡಿ ಸೂಟುಗಳೂ ನಿಂತವು. ಯಾರಿಗಾಗಿ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದು ಆಮೇಲೆ, ನಿಲ್ಲುವುದು ಮೊದಲು. ಅದೇ ಪದ್ಧತಿ.

ಹತ್ತರ ಹೊತ್ತಿಗೆ ಆಡಳಿತ ಕಟ್ಟಡದ ಬಾಗಿಲು ಧಡ್ಡನೆ ತೆರೆದು ಲೈಲ್ ಬೊರ್ಗನ್ ಓಡಿ ಬಂದ. ಗೋಪುರದ ಕಡೆಗೇ ಬಂದ. ಹುಲ್ಲುಹಾಸಿನ ಅರ್ಧಕ್ಕೆ ಬಂದವನಿಗೆ ಸುತ್ತ ನಿಂತವರ ಕಣ್ಣು ಕಂಡಿತು. ಸಾವಿನ ಗಂಟೆಯ ನಡುವೆ ಓಡುವವನನ್ನು ನೋಡುವ ಕಣ್ಣು. ಮುದುಕಿಯೊಬ್ಬಳು "ಲೈಲ್ ಬೊರ್ಗನ್! ನಿಮ್ಮಮ್ಮ ನಿನಗೆ ಇದನ್ನೇನಾ ಕಲಿಸಿದ್ದು?" ಅಂತ ಗದರಿದ್ದು ತೆರೆದ ಕಿಟಕಿಯಿಂದ ಆರ್ಡಿಸ್‌ಗೂ ಕೇಳಿಸಿತು. ಲೈಲ್ ನಿಂತ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಟೋಪಿ ಕೈಯಲ್ಲಿ. ಊರಿನವನಾಗಿ ಹುಟ್ಟಿದ ತಪ್ಪಿಗೆ ಅವನು ಅಲ್ಲಿಂದ ಅಲ್ಲಾಡುವ ಹಾಗಿರಲಿಲ್ಲ.

ಆರ್ಡಿಸ್ ಎಣಿಸುತ್ತ ತುಳಿದಳು. ಪ್ರತಿ ಪೆಟ್ಟಿನ ಗುಂಯ್ಗುಡುವಿಕೆ ನದಿಯ ತನಕ ಹೋಗಿ ಸಾಯಲು ಬಿಟ್ಟು ಇನ್ನೊಂದು ತುಳಿದಳು. ಕಟ್ಟೆಯ ಪಕ್ಕದ ಬೆಂಚಿನ ಮೇಲೆ ಕಸೂತಿ ಅಂಚಿನ ಕಪ್ಪು ರುಮಾಲು ಸುತ್ತಿಕೊಂಡ ಪುಟ್ಟ ಮುದುಕಿ ಕೂತಿದ್ದಳು. ಅವಳ ಎರಡು ಕೈಯೂ ಮಡಿಲಲ್ಲಿ. ಪೆಟ್ಟಿಗೊಂದು ಬೆರಳು ಮಡಿಸುತ್ತಿದ್ದಳು. ಹತ್ತೂ ಮುಗಿದರೆ ಮತ್ತೆ ಬಿಚ್ಚಿ ಮೊದಲಿನಿಂದ.

ಐವತ್ತು. ಬೆರಳೆಲ್ಲ ಮಡಿಸಿ ಮುಗಿದಿತ್ತು. ಮುದುಕಿ ಕಣ್ಣು ಮುಚ್ಚಿಕೊಂಡಳು. ಇಷ್ಟೇ ಅಂದುಕೊಂಡಳೋ ಏನೋ. ಎಲ್ಲರೂ ಇಷ್ಟೇ ಅಂದಿದ್ದರು.

ಐವತ್ತೊಂದು. ಮುದುಕಿ ತಟ್ಟನೆ ಮುಖ ಮೇಲೆತ್ತಿದಳು.

ಐವತ್ತೆರಡು.

ಆರ್ಡಿಸ್ ಕಾಲು ತೆಗೆದು, ಮೇಲಕ್ಕೆ ಹತ್ತಿ, ದಪ್ಪ ಗಂಟೆಯ ನಾಲಗೆಗೂ ಪಟ್ಟಿ ಬಿಗಿದಳು. ಕೆಳಗಿಳಿಯುವಾಗ ಹನ್ನೆರಡಾಯಿತು. ಮೇಲೆ ಯಂತ್ರ ತಂತಿಗಳನ್ನು ಜಗ್ಗುವ ಟಕಟಕ ಸದ್ದು ಬಿಟ್ಟರೆ ಗೋಪುರ ಮೂಕ.

ಬಾಗಿಲಲ್ಲೇ ಲೈಲ್ ನಿಂತಿದ್ದ. ಬೆವರು ಒರೆಸಿಕೊಳ್ಳುತ್ತಿದ್ದರೂ ಮುಖದಲ್ಲಿ ನಿರಾಳ. "ಅಬ್ಬಾ ಆರ್ಡಿಸ್! ನಿನ್ನೆಯ ಸಿಟ್ಟಿಗೆ ಆ ಮನುಷ್ಯನಿಗೇ ಹೊಡೀತಿದೀಯೇನೋ ಅಂತ ಜೀವ ಬಾಯಿಗೆ ಬಂದಿತ್ತು. ಅವನಿಗೆ ಐವತ್ತು ಅಂತ ವರದೀಲಿ ಓದಿದ್ದೆ. ಐವತ್ತು ದಾಟಿದ ಮೇಲೇ ನಾನು ಉಸಿರು ಬಿಟ್ಟಿದ್ದು. ಯಾರು ಹೋದರು? ನಮಗ್ಯಾಕೆ ತಿಳಿಸಲಿಲ್ಲ?"

"ತಾಳು," ಅಂದಳು ಆರ್ಡಿಸ್. "ಈಗ ಹೇಳ್ತಾಳೆ."

ಕಟ್ಟೆಯ ಮೇಲೆ ಗಾವ್‌ನೂ ಮೈಕು ಎತ್ತಿದ್ದಳು. ಊರೆಲ್ಲ ಯಾರ ಹೆಸರು ಬರುತ್ತದೆ ಅಂತ ಕಾದು ನಿಂತಿತ್ತು. ಟೋಪಿಗಳು ಇನ್ನೂ ತಲೆಗೆ ಏರಿರಲಿಲ್ಲ.

"ಆ ಗಂಟೆ ನನ್ನ ಅಪ್ಪನಿಗೆ," ಅಂದಳು ಹುಡುಗಿ. ದನಿ ಮೊದಲು ಒಡೆಯಿತು, ಆಮೇಲೆ ನಿಂತಿತು. "ನೆಂಗ್‌ಚೂ ಲೋರ್. ನೀವು ನಿಂತಿರೋ ನೆಲದ ಕೆಳಗೆ ಕೆಲಸ ಮಾಡಿದವನು. ನೀವು ಬೆಚ್ಚಗೆ ಓದಿದ್ದು ಅವನಿಂದ. ನಿಮ್ಮ ಕಾಗದದಲ್ಲಿ ಐವತ್ತು ವರ್ಷ. ನಮ್ಮಜ್ಜಿ ಹೆತ್ತವಳು. ಐವತ್ತೆರಡು."

ಲೈಲ್‌ನ ಮುಖದ ಬಣ್ಣ ಇಳಿಯಿತು. "ನೀನು... ಯಾರ ಅಪ್ಪಣೆ ಮೇಲೆ..."

"ನಾನೆಲ್ಲಿ ಹೊಡೆದೆ ಲೈಲ್?" ಆರ್ಡಿಸ್ ಜಡ್ಡುಗಟ್ಟಿದ ಕೈ ಎತ್ತಿ ತೋರಿಸಿದಳು. "ಈ ಕೈ ನನ್ನದಲ್ಲ ಅಂತ ನೀನೇ ಹೇಳಿದೆಯಲ್ಲ. ಗಂಟೆ ವಿಶ್ವವಿದ್ಯಾಲಯದ ಮಾತು. ಅದೀಗ ಹೇಳಿಬಿಡ್ತು, ಅವನು ನಮ್ಮವನು ಅಂತ. ಇಡೀ ಊರು ಕೇಳಿತು. ಅಧ್ಯಕ್ಷರು ಟೋಪಿ ತೆಗೆದರು. ಇಲ್ಲ, ತಪ್ಪಾಯ್ತು, ಅವನು ನಮ್ಮವನಲ್ಲ ಅಂತ ಹೋಗಿ ಅವರಿಗೆ ಹೇಳು. ಅಗೋ, ಅವನ ತಾಯಿ ಅಲ್ಲೇ ಕೂತಿದ್ದಾಳೆ. ಅವಳಿಗೂ ಹೇಳು."

ಲೈಲ್ ಮುದುಕಿಯನ್ನು ನೋಡಿದ. ಆಮೇಲೆ ಆರ್ಡಿಸ್ ಕಡೆ ಕೈ ಚಾಚಿದ. "ಬೀಗದ ಕೈ ಕೊಡು ಆರ್ಡಿಸ್. ನನಗೆ ಬೇರೆ ದಾರಿ ಇಲ್ಲ."

ಇದು ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಕತ್ತಿನಲ್ಲಿ ದಾರಕ್ಕೆ ಕಟ್ಟಿಕೊಂಡಿದ್ದ ಹಿತ್ತಾಳೆಯ ಬೀಗದ ಕೈಯನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. "ಸೂರ್ಯ ಮುಳುಗೋ ಮುಂಚೆ ಯಾರಾದರೂ ಆ ಪಟ್ಟಿ ಬಿಚ್ಚಿದರೆ ಈ ಊರು ನಿನ್ನನ್ನ ಸುಮ್ಮನೆ ಬಿಡಲ್ಲ, ನೆನಪಿರ್ಲಿ," ಅಂದಳು.

ಅಷ್ಟರಲ್ಲಿ ಹನ್ನೆರಡೂಕಾಲು. ಹಳದಿ ಕೋಟಿನವನು ಅಭ್ಯಾಸದಂತೆ ಕಟ್ಟೆಗೆ ಬಂದು ಮೈಕಿಗೆ ಕೈಯೊಡ್ಡಿದ. ಗಾವ್‌ನೂ ಕೊಡಲೋ ಬೇಡವೋ ಅಂತ ಆರ್ಡಿಸ್‌ಳ ಕಡೆ ನೋಡಿದಳು.

"ಕೊಡೇ ಅದನ್ನ! ಹಾಳು ಪಿಶಾಚಿ, ತೊಲಗ್ಲಿ," ಅಂತ ಆರ್ಡಿಸ್ ಕಟ್ಟೆ ಹತ್ತಿದಳು. "ನಿಯಮ ಇರೋದು ಮೈಕಿಗೆ. ಬರೀ ಬಾಯಿಗೆ ಹೊತ್ತಿನ ಮಿತಿ ಇಲ್ಲ. ಗಂಟೆಗೆ ಕಟ್ಟು ಬಿದ್ದಿದೆ. ಸಂಜೆ ತನಕ ಇಲ್ಲಿ ಪಿಸುಗುಟ್ಟಿದರೂ ಕೇಳಿಸತ್ತೆ."

ಹಳದಿ ಕೋಟಿನವನು ಮೈಕನ್ನು ಕಂಕುಳಲ್ಲಿ ಇಟ್ಟುಕೊಂಡ. ಹೋಗಬೇಕಾದವನು ಹೋಗದೆ ಅಲ್ಲೇ ಬದಿಗೆ ನಿಂತ.

ಅಜ್ಜಿ ಬೆಂಚಿನಿಂದ ಎದ್ದು ಬಂದಳು. ಆರ್ಡಿಸ್‌ಳ ಒರಟು ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು ಏನೋ ಹೇಳಿದಳು. ಗಾವ್‌ನೂ ಕಣ್ಣೊರೆಸಿಕೊಂಡಳು. "ಎಣಿಕೆ ಸರಿಯಾಗಿತ್ತು ಅಂತಿದ್ದಾಳೆ."

ಆರ್ಡಿಸ್ ಜನರ ಎದುರು ಮಾತಾಡಿದವಳಲ್ಲ, ಮೇಲೆ ಕೂತು ಯಾರಿಗೂ ಕಾಣದೆ ನುಡಿಸಿದವಳು. ಒಮ್ಮೆ ಕೆಮ್ಮಿದಳು. ಹುಲ್ಲುಹಾಸಿನಾಚೆ ಮೆಟ್ಟಿಲ ಮೇಲೆ ಅಧ್ಯಕ್ಷರೂ ಸೂಟುಗಳೂ ಹೋಗಲೂ ಆಗದೆ ನಿಲ್ಲಲೂ ಆಗದೆ ನಿಂತಿದ್ದರು.

"ನಾನು ಆರ್ಡಿಸ್ ಹಾಲ್ವರ್ಸನ್," ಅಂದಳು. "ಇಷ್ಟು ದಿನ ಈ ಹುಡುಗಿಯ ಬಾಯಿ ಮುಚ್ಚಿದ್ದು ನನ್ನ ಗಂಟೆ. ಅದಕ್ಕೇ ಅವಳ ಪ್ರಶ್ನೆಯನ್ನ ಇವತ್ತು ನಾನೂ ಕೇಳ್ತೀನಿ. ಆ ಕೊಳವೆ ಕೊಳೆತಿದೆ ಅಂತ ನೆಂಗ್‌ಚೂ ಲೋರ್ ಹೇಳಿದ್ದ. ಯಾಕೆ ಬದಲಾಯಿಸಲಿಲ್ಲ?"

ಚೆಂಡಾಡುತ್ತಿದ್ದ ಹುಡುಗ ಮುಂದೆ ಬಂದು ಕಟ್ಟೆಯ ಪಕ್ಕ ನಿಂತ. ಕಾಫಿ ಅಂಗಡಿಯವಳು ಬೀದಿ ದಾಟಿ ಬಂದಳು. ಲೈಲ್‌ನನ್ನು ಗದರಿದ ಮುದುಕಿ ಕೋಲೂರಿಕೊಂಡು ಬಂದು ಸಾಲಿನಲ್ಲಿ ನಿಂತಳು, ಅವಳ ಹಿಂದೆ ಇನ್ನೊಬ್ಬರು. ಒಬ್ಬೊಬ್ಬರಾಗಿ ಕಟ್ಟೆ ಹತ್ತಿ ಅದೊಂದೇ ಪ್ರಶ್ನೆಯನ್ನು ಬರೀ ಬಾಯಲ್ಲಿ ಕೇಳಿ ಇಳಿದರು. ಸೂರ್ಯ ಮುಳುಗಲು ಇನ್ನೂ ತುಂಬ ಹೊತ್ತಿತ್ತು. ಮೆಟ್ಟಿಲ ಮೇಲೆ ಅಧ್ಯಕ್ಷರ ಟೋಪಿ ಇನ್ನೂ ಕೈಯಲ್ಲೇ ಇತ್ತು, ಪ್ರತಿಯೊಂದು ಮಾತೂ ಅಲ್ಲಿಯ ತನಕ ಕೇಳಿಸುತ್ತಿತ್ತು.